ಕೌದಿ ಹೊಲಿಯುವ ಉದ್ದತೋಳಿನ ಯಂತ್ರ: ಮೊದಲ ಎರಡು ತಿಂಗಳು

(ರೈತ ಮಹಿಳೆಯರ ಸ್ವಸಹಾಯ ಸಂಘಗಳ ಸದಸ್ಯರಿಗೆ ಹಾಗೂ ವಿಸ್ತರಣಾ ಕಾರ್ಯಕರ್ತರಿಗೆ ಏರ್ಪಡಿಸಿದ್ದ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಪಾಠ ಹೇಳುವ ನಾನು ಹೊಲಿಗೆ ಯಂತ್ರದ ಬಗ್ಗೆ ಮಾತನಾಡಲು ನಿಂತಿರುವುದನ್ನು ಕಂಡು ನಿಮಗೆ ಆಶ್ಚರ್ಯವಾಗಿರಬಹುದು. ಕಾರಣ ಇಷ್ಟೇ. ನಾನು ಹೋಗಿಬರುವ ಒಂದು ಹಳ್ಳಿಯ ಮಹಿಳಾ ಸಂಘದವರು ಸಾಲ ತೆಗೆದು ಉದ್ದತೋಳಿನ ಹೊಲಿಗೆ ಯಂತ್ರವೊಂದನ್ನು ತರಿಸಿದರು. ಲಾಂಗ್‌ಆರ್ಮ್ ಎಂದು ಕರೆಯುವ ಯಂತ್ರ ಅದು. ಜೋಡಿಸಿಕೊಟ್ಟವರು ಅರ್ಧ ದಿನ ತೋರಿಸಿ ಹೊರಟುಹೋದರು. ಮರುದಿನದಿಂದ ಯಂತ್ರ ಹಟ ಹಿಡಿಯಿತು. "ಕೂರಿಗೆಯ ಬೀಜ ಹೊಂದಿಸಿ ಕೊಡುತ್ತೀರಿ, ಇದನ್ನೂ ಹೊಂದಿಸಿ ಕೊಡಿರಿ" ಎಂದು ನನ್ನನ್ನು ಕರೆದರು. ಹೋದೆ. ನಾನೂ ಅವರೂ ಸೇರಿ ಎರಡು ತಿಂಗಳು ಬಟ್ಟೆ ಕೆಡಿಸಿದೆವು. ಆಮೇಲೆ ಕೆಲಸ ಹತ್ತಿತು. ಆ ಎರಡು ತಿಂಗಳಲ್ಲಿ ಕಲಿತದ್ದನ್ನು ನಿಮ್ಮ ಮುಂದೆ ಇಡುವುದೇ ಈ ಭಾಷಣದ ಉದ್ದೇಶ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಹೊಸ ತಳಿ ಬಂದಾಗ ನಾವು ಇಡೀ ಹೊಲಕ್ಕೆ ಬಿತ್ತುವುದಿಲ್ಲ. ಒಂದು ತುಂಡಿನಲ್ಲಿ ಬಿತ್ತಿ ನೋಡುತ್ತೇವೆ, ಪಕ್ಕದಲ್ಲಿ ಹಳೆಯ ತಳಿಯನ್ನು ಹೋಲಿಕೆಗೆ ಇಡುತ್ತೇವೆ, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತೇವೆ. ಹೊಸ ಯಂತ್ರಕ್ಕೂ ಇದೇ ನಿಯಮ. ಅದಕ್ಕೆ ಒಂದು ಪ್ರಯೋಗದ ತಾಕು ಬೇಕು. ಆ ತಾಕು ನಮ್ಮ ಹಳೆಯ ಚಿಂದಿಬಟ್ಟೆಯಾಗಿರಬೇಕೇ ಹೊರತು ಗಿರಾಕಿಯ ಬಟ್ಟೆಯಾಗಬಾರದು.

ಈ ಯಂತ್ರ ಮನೆಯ ಯಂತ್ರಕ್ಕಿಂತ ಹೇಗೆ ಬೇರೆ?

ಮೇಲಿನ ದಾರ, ಕೆಳಗಿನ ದಾರ ಎಂಬ ಎರಡು ದಾರಗಳು ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹೊಲಿಗೆಯ ಯಂತ್ರಕ್ಕೆ ಅಮೆರಿಕದ ಇಲಿಯಾಸ್ ಹೋವ್ 1846ರಲ್ಲಿ ಪೇಟೆಂಟು ಪಡೆದನು. ನಿಮ್ಮ ಮನೆಯ ಕಾಲಿನ ಯಂತ್ರವೂ ಈ ಉದ್ದತೋಳಿನ ಯಂತ್ರವೂ ಹಾಕುವುದು ಅದೇ ಹೊಲಿಗೆಯನ್ನು. ವ್ಯತ್ಯಾಸ ಇರುವುದು ಚಲನೆಯಲ್ಲಿ. ಮನೆಯ ಯಂತ್ರ ನಿಂತಲ್ಲೇ ನಿಂತಿರುತ್ತದೆ, ಅದರ ಹಲ್ಲುಗಳು ಬಟ್ಟೆಯನ್ನು ಮುಂದಕ್ಕೆ ಎಳೆಯುತ್ತವೆ. ಉದ್ದತೋಳಿನ ಯಂತ್ರದಲ್ಲಿ ಬಟ್ಟೆ ಚೌಕಟ್ಟಿನ ಮೇಲೆ ಹರಡಿ ನಿಂತಿರುತ್ತದೆ, ಯಂತ್ರವೇ ಹಳಿಗಳ ಮೇಲೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಓಡಾಡುತ್ತದೆ. ಹೊಲ ನಿಂತಿರುತ್ತದೆ, ಕೂರಿಗೆ ನಡೆಯುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ತಿಳಿಯುತ್ತದೆ.

ಸೂಜಿಯಿಂದ ಯಂತ್ರದ ಹಿಂಬದಿಯ ಕಂಬದವರೆಗಿನ ಅಂತರಕ್ಕೆ ತೋಳು ಎನ್ನುತ್ತಾರೆ. ಸಾಮಾನ್ಯವಾಗಿ 18ರಿಂದ 26 ಅಂಗುಲದ ತೋಳುಗಳು ಬಳಕೆಯಲ್ಲಿವೆ. ಆದರೆ ಅಷ್ಟೂ ಜಾಗ ಹೊಲಿಗೆಗೆ ಸಿಗುವುದಿಲ್ಲ. ಹೊಲಿದಾದ ಕೌದಿ ಸುತ್ತಿಕೊಳ್ಳುವ ರೋಲರು ಆ ತೋಳಿನ ಒಳಗೇ ಇರುತ್ತದೆ. 20 ಅಂಗುಲದ ತೋಳಿನಲ್ಲಿ ಕೈಗೆ ಸಿಗುವುದು ಸುಮಾರು 14–15 ಅಂಗುಲ. ಕೌದಿ ಸುತ್ತಿದಂತೆಲ್ಲ ಅದೂ ಕಡಿಮೆಯಾಗುತ್ತದೆ. ದೊಡ್ಡ ಚಿತ್ತಾರವನ್ನು ಯೋಜಿಸುವ ಮೊದಲು ಇದನ್ನು ಅಳೆದು ನೋಡತಕ್ಕದ್ದು.

ಸ್ಥಳ ಮತ್ತು ಚೌಕಟ್ಟು

10 ಅಥವಾ 12 ಅಡಿ ಉದ್ದದ ಚೌಕಟ್ಟಿಗೆ ಮನೆಯ ಪಡಸಾಲೆ ಸಾಲದು. ಮುಂದೆ ನಿಂತೂ ಹಿಂದೆ ನಿಂತೂ ಕೆಲಸ ಮಾಡಬೇಕಾಗುವುದರಿಂದ ಎರಡೂ ಕಡೆಗೆ ಸುಮಾರು 3 ಅಡಿ ಜಾಗ ಇರಬೇಕು. ನೆಲ ಸಮತಟ್ಟಾಗಿರಬೇಕು. ಮಣ್ಣಿನ ನೆಲವಾದರೆ ಪ್ರತಿಯೊಂದು ಕಾಲಿನ ಕೆಳಗೂ ಚಪ್ಪಡಿ ಕಲ್ಲು ಕೂರಿಸಿರಿ.

ಚೌಕಟ್ಟು ಮಟ್ಟವಾಗಿದೆಯೇ ಎಂಬುದನ್ನು ಗೌಂಡಿಯ ರಸಮಟ್ಟದಿಂದ ಉದ್ದಕ್ಕೂ ಅಡ್ಡಕ್ಕೂ ನೋಡಬೇಕು. ಇನ್ನೊಂದು ಪರೀಕ್ಷೆಯೂ ಉಂಟು. ಯಂತ್ರವನ್ನು ಹಳಿಯ ನಡುವೆ ನಿಲ್ಲಿಸಿ ಕೈ ಬಿಡಿರಿ. ಅದು ತಾನಾಗಿಯೇ ಒಂದು ಕಡೆಗೆ ಜರುಗಿದರೆ ಆ ಕಡೆ ತಗ್ಗಾಗಿದೆ ಎಂದು ತಿಳಿಯಬೇಕು. ಮಟ್ಟವಿಲ್ಲದ ಚೌಕಟ್ಟಿನಲ್ಲಿ ನೀವು ನೇರ ಗೆರೆ ಎಳೆಯಲು ಹೋದರೂ ಯಂತ್ರ ಕೈಯನ್ನು ಜಗ್ಗುತ್ತದೆ. ಅನೇಕರು ತಮ್ಮ ಕೈಯೇ ಸರಿಯಿಲ್ಲವೆಂದು ಬೇಸರಪಡುತ್ತಾರೆ. ಎಷ್ಟೋ ಸಲ ದೋಷ ನೆಲದಲ್ಲಿರುತ್ತದೆ.

ಹಳಿಗಳನ್ನೂ ಗಾಲಿಗಳನ್ನೂ ದಿನವೂ ಒಣಬಟ್ಟೆಯಿಂದ ಒರೆಸಬೇಕು. ಒಂದು ದಾರದ ತುಣುಕು ಗಾಲಿಯ ಕೆಳಗೆ ಸಿಕ್ಕರೂ ಹೊಲಿಗೆಯಲ್ಲಿ ಅದೇ ಜಾಗದಲ್ಲಿ ಸೊಟ್ಟು ಕಾಣಿಸಿಕೊಳ್ಳುತ್ತದೆ.

ಸೂಜಿ ಮತ್ತು ದಾರ

ಮನೆಯ ಯಂತ್ರದ ಸೂಜಿಯ ತಲೆ ಒಂದು ಬದಿಯಲ್ಲಿ ಚಪ್ಪಟೆಯಾಗಿರುವುದರಿಂದ ಅದನ್ನು ತಪ್ಪಾಗಿ ಕೂರಿಸಲು ಬರುವುದಿಲ್ಲ. ಉದ್ದತೋಳಿನ ಬಹುತೇಕ ಯಂತ್ರಗಳ ಸೂಜಿಯ ತಲೆ ದುಂಡಗಿರುತ್ತದೆ. ಹೇಗೆ ಬೇಕಾದರೂ ತಿರುಗಿ ಕೂರುತ್ತದೆ. ಕಣ್ಣಿನ ಮೇಲ್ಗಡೆ ಒಂದು ಬದಿಗೆ ಸಣ್ಣ ತಗ್ಗು ಇರುತ್ತದೆ, ಅದು ಕೊಕ್ಕೆಯ ಕಡೆಗೆ ಇರಬೇಕು. ಇದು ಸ್ವಲ್ಪ ಓರೆಯಾದರೂ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ, ದಾರ ಹರಿಯುತ್ತದೆ.

16ನೇ ನಂಬರಿನ ಸೂಜಿ ಸುಮಾರು 1 ಮಿ.ಮೀ. ದಪ್ಪವಿರುತ್ತದೆ, 18ನೇ ನಂಬರಿನದು 1.1 ಮಿ.ಮೀ. ಹಲವು ಪದರದ ದಪ್ಪ ಕೌದಿಗೆ 18, ತೆಳು ಬಟ್ಟೆಗೆ 16 ಎಂದು ಆರಂಭಿಸಬಹುದು. ಒಂದು ದೊಡ್ಡ ಕೌದಿಗೆ ಒಂದು ಸೂಜಿ ಎಂಬ ಲೆಕ್ಕವಿರಲಿ. ಮೊಂಡಾದ ಸೂಜಿ ಬಟ್ಟೆಯ ಎಳೆಯನ್ನು ಸರಿಸದೆ ಕಡಿಯುತ್ತದೆ. ಸೂಜಿಯ ಬೆಲೆ ಉಳಿಸಲು ಹೋಗಿ ಕೌದಿಯನ್ನು ಕೆಡಿಸಿಕೊಳ್ಳಬಾರದು.

ದಾರದ ವಿಷಯ ಹತ್ತಿ ಬೆಳೆಗಾರರಾದ ನಿಮಗೆ ತಿಳಿದದ್ದೇ ಆಗಿದೆ. ನೂಲಿನ ನಂಬರು ಹೆಚ್ಚಿದಷ್ಟೂ ನೂಲು ತೆಳ್ಳಗಾಗುವಂತೆ ಇಲ್ಲಿಯೂ ನಂಬರು ಹೆಚ್ಚಿದಂತೆ ದಾರ ತೆಳು. ಕಲಿಯುವವರಿಗೆ 40ನೇ ನಂಬರಿನ ಪಾಲಿಯೆಸ್ಟರ್ ದಾರ ಅನುಕೂಲ. ಅದರಲ್ಲಿ ಧೂಳು ಕಡಿಮೆ, ಹರಿಯುವುದೂ ಕಡಿಮೆ. ಹತ್ತಿದಾರವನ್ನೇ ಬಯಸುವವರು ಉದ್ದ ಎಳೆಯ ಹತ್ತಿಯಿಂದ ಮಾಡಿದ ದಾರವನ್ನು ಕೊಳ್ಳಬೇಕು. ಗಿಡ್ಡ ಎಳೆಯ ಹತ್ತಿದಾರ ಯಂತ್ರದ ವೇಗಕ್ಕೆ ನವಿರು ಬಿಟ್ಟು ಬಾಬಿನ್ ಗೂಡನ್ನು ತುಂಬಿಸುತ್ತದೆ. ಕೈಹೊಲಿಗೆಗೆಂದು ಮೇಣ ಸವರಿದ ದಾರವನ್ನು ಯಂತ್ರಕ್ಕೆ ಹಾಕಕೂಡದು. ಮೇಣವು ಬಿಗಿತಟ್ಟೆಗಳಿಗೆ ಅಂಟಿಕೊಳ್ಳುತ್ತದೆ.

ಬಟ್ಟೆಯನ್ನು ಚೌಕಟ್ಟಿಗೆ ಏರಿಸುವುದು

ಕೆಳಗಿನ ಅಸ್ತರು, ನಡುವಿನ ಪದರ, ಮೇಲಿನ ತುಂಡು ಜೋಡಿಸಿದ ಬಟ್ಟೆ ಎಂದು ಮೂರು ಭಾಗ. ಅಸ್ತರು ಮತ್ತು ನಡುವಿನ ಪದರ ಮೇಲಿನ ಬಟ್ಟೆಗಿಂತ ನಾಲ್ಕೂ ಕಡೆಗೆ 4 ಅಂಗುಲ ಹೆಚ್ಚಿರಬೇಕು. ಉದಾಹರಣೆಗೆ 5 ಅಡಿ ಅಗಲ 7 ಅಡಿ ಉದ್ದದ ಕೌದಿ, ಅಂದರೆ 60 ಅಂಗುಲಕ್ಕೆ 84 ಅಂಗುಲ. ಇದಕ್ಕೆ ಅಸ್ತರು 68 ಅಂಗುಲಕ್ಕೆ 92 ಅಂಗುಲ ಬೇಕು. ಈ ಹೆಚ್ಚಿನ ಅಂಚು ವ್ಯರ್ಥವಲ್ಲ. ಪಕ್ಕದ ಕ್ಲಿಪ್ಪುಗಳು ಹಿಡಿಯುವುದು ಇದನ್ನೇ, ದಾರದ ಬಿಗಿಯನ್ನು ಪರೀಕ್ಷಿಸುವುದೂ ಇದರ ಮೇಲೆಯೇ. ಪ್ರಯೋಗದ ತಾಕಿನ ಸುತ್ತ ನಾವು ಬಿಡುವ ಅಂಚು ಸಾಲುಗಳ ಹಾಗೆ.

ಅಸ್ತರಿನ ಮೂಲೆಗಳು ಕಾಟಕೋನಕ್ಕೆ ಇರಬೇಕು. ಇದಕ್ಕೆ ಹಗ್ಗದಿಂದ ಮೂಲೆಯಿಂದ ಮೂಲೆಗೆ ಎರಡು ಅಳತೆ ತೆಗೆಯಿರಿ. ಎರಡೂ ಸಮವಾದರೆ ಸರಿ. ಮನೆಯ ಪಾಯ ಹಾಕುವಾಗ ಗೌಂಡಿ ಮಾಡುವುದೂ ಇದನ್ನೇ.

ಅಸ್ತರಿನ ಒಂದು ಅಂಚನ್ನು ಮುಂದಿನ ರೋಲರಿನ ಕ್ಯಾನ್ವಾಸ್ ಪಟ್ಟಿಗೆ, ಇನ್ನೊಂದನ್ನು ಹಿಂದಿನ ರೋಲರಿನ ಪಟ್ಟಿಗೆ ಗುಂಡುಸೂಜಿಯಿಂದ ಚುಚ್ಚಬೇಕು. ನಡುವಿನಿಂದ ಎರಡೂ ಕಡೆಗೆ ಚುಚ್ಚುತ್ತ ಹೋದರೆ ಓರೆಯಾಗುವುದಿಲ್ಲ. ಅದರ ಮೇಲೆ ನಡುವಿನ ಪದರ, ಅದರ ಮೇಲೆ ಮೇಲುಬಟ್ಟೆ ಹರಡಿ, ಮೇಲಂಚಿಗೆ ಒಂದು ಉದ್ದ ಹೊಲಿಗೆ ಹಾಕಿ ಮೂರನ್ನೂ ಕೂಡಿಸಿರಿ.

ಎಷ್ಟು ಬಿಗಿಯಾಗಿ ಎಳೆಯಬೇಕು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಹಲಗೆಯ ಚರ್ಮದಂತೆ ಬಿಗಿಯಾಗಿರಬೇಕೆಂದು ಎಲ್ಲರೂ ಮೊದಲು ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಅದು ತಪ್ಪು. ಕೆಳಗಿನಿಂದ ಬೆರಳನ್ನು ಒತ್ತಿದರೆ ಮೇಲಿನ ಕೈಯಿಂದ ಆ ಬೆರಳ ತುದಿಯನ್ನು ಬಟ್ಟೆಯ ಸಮೇತ ಹಿಡಿಯಲು ಬರಬೇಕು. ಅಷ್ಟು ಸಡಿಲ ಇರಲೇಬೇಕು. ಬಿಗಿ ಹೆಚ್ಚಾದರೆ ಸೂಜಿ ಬಾಗುತ್ತದೆ, ಹೊಲಿಗೆ ತಪ್ಪುತ್ತದೆ, ಕೌದಿಯನ್ನು ಇಳಿಸಿದ ಮೇಲೆ ಸುಕ್ಕಾಗುತ್ತದೆ.

ಹಳೆಯ ಬಟ್ಟೆಯಾದರೆ ಹಾನಿ ಇನ್ನೂ ದೊಡ್ಡದು. ಇದನ್ನು ಮರೆಮಾಚದೆ ಹೇಳುತ್ತೇನೆ. ಯಂತ್ರ ಬಂದ ಎರಡನೆಯ ವಾರ, ಸಾಲದ ಕಂತು ನೆನಪಾಗಿ ಸಂಘದವರಿಗೆ ಅವಸರವಾಯಿತು. ಸಂಘದಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬ ತಾಯಿ, ತಮ್ಮ ತೀರಿಹೋದ ಅವ್ವನ ಇಳಕಲ್ ಸೀರೆಯನ್ನು ಕೊಟ್ಟು, ಮೊದಲ ಕೌದಿ ಇದರದೇ ಆಗಲಿ ಎಂದರು. ಅದನ್ನೇ ಅಸ್ತರು ಮಾಡಿ ಏರಿಸಿದೆವು. ಪಕ್ಕದ ಕ್ಲಿಪ್ಪುಗಳನ್ನು ಬಿಗಿಯಾಗಿ ಎಳೆದವನು ನಾನೇ. ಅರ್ಧ ಗಂಟೆಯ ಹೊಲಿಗೆ ಮುಗಿದಿರಲಿಲ್ಲ, ಸೀರೆ ನಡುವಿನಲ್ಲಿ ಒಂದು ಮೊಳದಷ್ಟು ಸೀಳಿತು. ಆ ತಾಯಿ ಏನೂ ಅನ್ನಲಿಲ್ಲ. "ಹಳೇದು, ಹೋಗಲಿ ಬಿಡ್ರಿ" ಎಂದರು. ಆದರೆ ಒಂದು ವಾರ ಸಂಘದ ಕಡೆಗೆ ಬರಲಿಲ್ಲ. ಆಮೇಲೆ ಬಂದು ಸೀರೆಯನ್ನು ಚೌಕಟ್ಟಿನಿಂದ ಬಿಚ್ಚಿಸಿಕೊಂಡು ಹೋಗಿ, ಸೀಳಿದಲ್ಲಿ ತೇಪೆ ಹಾಕಿ, ಕೈಯಿಂದಲೇ ಆ ಕೌದಿಯನ್ನು ಮುಗಿಸಿದರು.

ಆದ್ದರಿಂದ ಹಳೆಯ ಬಟ್ಟೆಯನ್ನು ಬಳಸುವವರು ಈ ಕೆಳಗಿನ ಅಂಶಗಳನ್ನು ತಪ್ಪದೆ ಪಾಲಿಸಬೇಕು.

1. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಎರಡು ಹೆಬ್ಬೆರಳಿನಿಂದ ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿರಿ. ಎಳೆ ಬಿಟ್ಟುಕೊಡುವ ಬಟ್ಟೆ ಯಂತ್ರಕ್ಕೆ ಬೇಡ.

2. ಹಳೆಯ ಸೀರೆಯನ್ನು ಅಸ್ತರು ಮಾಡದೆ ಮೇಲಿನ ಬಟ್ಟೆಗೆ ಮಾತ್ರ ಬಳಸಿರಿ. ಎಳೆತವನ್ನೆಲ್ಲ ತಡೆಯುವುದು ಅಸ್ತರು. ಅದಕ್ಕೆ ತೊಳೆದ ಹೊಸ ಮಾಂಜರಪಾಟ ಒಳ್ಳೆಯದು.

3. ಹೊಸ ಬಟ್ಟೆಯನ್ನು ಮೊದಲೇ ಒಗೆದು ಗಂಜಿ ತೆಗೆಯಿರಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಕೌದಿ ಸುಕ್ಕಾಗುತ್ತದೆ. ಬಣ್ಣ ಬಿಡುವ ಬಟ್ಟೆಯೂ ಆಗಲೇ ಗೊತ್ತಾಗುತ್ತದೆ.

4. ಗುಂಡಿ, ಕೊಂಡಿ, ಜರಿಯ ದಪ್ಪ ಅಂಚುಗಳನ್ನು ತೆಗೆದುಹಾಕಿರಿ. ಬಹಳ ಪದರಗಳು ಒಂದೆಡೆ ಕೂಡಿದ್ದರೆ ಅಲ್ಲಿ ವೇಗ ಇಳಿಸಿ ಅಥವಾ ಕೈಚಕ್ರದಿಂದ ತಿರುವಿ ದಾಟಿಸಿರಿ.

5. ನಡುವಿನ ಪದರಕ್ಕೆ ಬಿಡಿ ಹತ್ತಿಯನ್ನು ಹಾಸುವುದಾದರೆ ಹೊಲಿಗೆಯ ಸಾಲುಗಳ ಅಂತರ 2 ಅಂಗುಲ ಮೀರಬಾರದು. ಮೀರಿದರೆ ಒಗೆದಾಗ ಹತ್ತಿ ಸರಿದು ಗಂಟಾಗುತ್ತದೆ. ಕಲಿಯುವಾಗ ಹಳೆಯ ಬಟ್ಟೆಯ ಪದರವೇ ಸುಲಭ. ನಮ್ಮ ಕಡೆಯ ಕೌದಿಯ ಪದ್ಧತಿಯೂ ಅದೇ.

ದಾರದ ಬಿಗಿಯನ್ನು ಹೊಂದಿಸುವುದು

ಮೊದಲು ಕೆಳಗಿನದನ್ನು, ಆಮೇಲೆ ಮೇಲಿನದನ್ನು ಹೊಂದಿಸಬೇಕು. ಬಾಬಿನ್ ತುಂಬಿದ ಕೇಸನ್ನು ದಾರದ ತುದಿಯಿಂದ ತೂಗುಬಿಡಿರಿ. ಸರ್ರನೆ ಕೆಳಕ್ಕೆ ಬಿದ್ದರೆ ಸಡಿಲ, ಅಲುಗಿಸಿದರೂ ಇಳಿಯದಿದ್ದರೆ ಬಿಗಿ. ಕೈಯನ್ನು ಮೆಲ್ಲಗೆ ಅಲುಗಿಸಿದಾಗ ಸ್ವಲ್ಪ ಇಳಿದು ನಿಂತರೆ ಆರಂಭಕ್ಕೆ ಸರಿ. ಕೇಸಿನ ಚಿಕ್ಕ ತಿರುಪನ್ನು ಒಂದು ಸಲಕ್ಕೆ ಗಡಿಯಾರದ ಮುಳ್ಳು 5 ನಿಮಿಷ ಸರಿಯುವಷ್ಟು ಮಾತ್ರ ತಿರುಗಿಸತಕ್ಕದ್ದು.

ಬಳಿಕ ಅಸ್ತರಿನ ಹೆಚ್ಚಿನ ಅಂಚಿನ ಮೇಲೆ, ಅಸ್ತರು, ಪದರ, ಒಂದು ಚಿಂದಿ ಮೂರೂ ಇರುವಂತೆ ಹಾಸಿಕೊಂಡು, ಒಂದು ಗೇಣು ಹೊಲಿಗೆ ಹಾಕಿರಿ. ನೇರ ಗೆರೆಯೊಂದೇ ಸಾಲದು, ಸುತ್ತುಗಳನ್ನೂ ಹಾಕಿರಿ. ದೋಷ ಮೊದಲು ಕಾಣುವುದು ಸುತ್ತಿನಲ್ಲಿಯೇ. ಮೇಲೆ ಮಾತ್ರವಲ್ಲದೆ ಕೆಳಗೂ ಬಗ್ಗಿ ನೋಡಿರಿ, ಕೈ ಆಡಿಸಿ ನೋಡಿರಿ. ಮೇಲಿನ ದಾರ ಕೆಳಗೆ ಕುಣಿಕೆ ಕುಣಿಕೆಯಾಗಿ ಕಂಡರೆ, ಅಥವಾ ಕೆಳಗಿನ ದಾರ ತಂತಿಯಂತೆ ನೇರವಾಗಿ ಮಲಗಿದ್ದರೆ, ಮೇಲಿನ ಬಿಗಿ ಕಡಿಮೆಯಾಗಿದೆ ಎಂದರ್ಥ. ಕೆಳಗಿನ ದಾರದ ಚುಕ್ಕೆಗಳು ಮೇಲೆ ಎದ್ದು ಕಂಡರೆ ಮೇಲಿನ ಬಿಗಿ ಹೆಚ್ಚಾಗಿದೆ. ಎರಡು ದಾರಗಳ ಕೊಂಡಿ ಪದರಗಳ ನಡುವೆ ಅಡಗಿದಾಗ ಹೊಂದಿಕೆ ಸರಿಯಾಯಿತು. ಮೇಲಕ್ಕೆ ಒಂದು ಬಣ್ಣ, ಕೆಳಕ್ಕೆ ಇನ್ನೊಂದು ಬಣ್ಣದ ದಾರ ಹಾಕಿ ಪರೀಕ್ಷಿಸಿದರೆ ಇದು ಬೇಗ ಗೊತ್ತಾಗುತ್ತದೆ.

ಕೂರಿಗೆಯನ್ನು ಹೊಲಕ್ಕೆ ಒಯ್ಯುವ ಮೊದಲು ಗಾಲಿಯನ್ನು ಎತ್ತಿ ಹಿಡಿದು ಇಂತಿಷ್ಟು ಸುತ್ತು ತಿರುಗಿಸಿ, ಬಿದ್ದ ಬೀಜವನ್ನು ತೂಗಿ ನೋಡುತ್ತೇವಲ್ಲವೇ? ಇದೂ ಅದೇ ಕೆಲಸ. ಬಟ್ಟೆ ಬದಲಾದರೆ, ದಾರ ಬದಲಾದರೆ, ಮತ್ತೆ ಪರೀಕ್ಷಿಸಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ

ನಾನು ಹೋದ ಮೊದಲ ದಿನ ಕೌದಿಯ ಕೆಳಗೆ ಬರೀ ಕುಣಿಕೆ. ಒಬ್ಬರು ಮೇಲಿನ ತಿರುಪನ್ನು ಬಿಗಿ ಮಾಡಿದರು. ಇನ್ನೊಬ್ಬರು ಸೂಜಿ ಬದಲಿಸಿದರು. ಮತ್ತೊಬ್ಬರು ಬಾಬಿನ್ ಕೇಸಿನ ತಿರುಪನ್ನು ತಿರುಗಿಸಿದರು. ನಾನೂ ಸುಮ್ಮನಿರಲಾರದೆ ದಾರ ಬದಲಿಸಿದೆ. ಸಂಜೆಯ ಹೊತ್ತಿಗೆ ಯಾವುದು ಎಲ್ಲಿತ್ತು, ಯಾರು ಏನು ಮಾಡಿದರು ಎಂಬುದು ಯಾರಿಗೂ ತಿಳಿಯದಾಯಿತು. ಗೊಬ್ಬರ, ಬೀಜ, ನೀರು, ಔಷಧ ನಾಲ್ಕನ್ನೂ ಒಂದೇ ವರ್ಷ ಬದಲಿಸಿದ ರೈತನಿಗೆ ಇಳುವರಿ ಏಕೆ ಬದಲಾಯಿತೆಂದು ಹೇಳಲು ಬಂದೀತೇ? ತರಗತಿಯಲ್ಲಿ ಇದನ್ನು ವರ್ಷಗಟ್ಟಲೆ ಪಾಠ ಹೇಳಿದವನು ಯಂತ್ರದ ಮುಂದೆ ಅದನ್ನೇ ಮರೆತೆ.

ಮರುದಿನ ಎಲ್ಲವನ್ನೂ ಮೊದಲಿನಿಂದ ಆರಂಭಿಸಿದೆವು. ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿದಾಗ ಕಾರಣ ತಾನಾಗಿಯೇ ಸಿಕ್ಕಿತು. ಮೇಲಿನ ದಾರ ಎರಡು ಬಿಗಿತಟ್ಟೆಗಳ ನಡುವೆ ಕೂರದೆ ಪಕ್ಕದಲ್ಲಿ ಜಾರಿ ಹೋಗುತ್ತಿತ್ತು. ತಿರುಪನ್ನು ಎಷ್ಟು ತಿರುಗಿಸಿದರೂ ಫಲವಿರಲಿಲ್ಲ.

ಆದುದರಿಂದ ತೊಂದರೆ ಬಂದಾಗ ಈ ಕ್ರಮವನ್ನು ಅನುಸರಿಸಿರಿ: (1) ಮೇಲಿನ ದಾರವನ್ನು ತೆಗೆದು ಮತ್ತೆ ಪೋಣಿಸಿ. (2) ಬಾಬಿನ್ ತೆಗೆದು ಗೂಡಿನ ನವಿರನ್ನು ಕುಂಚದಿಂದ ಸ್ವಚ್ಛ ಮಾಡಿ ಮತ್ತೆ ಹಾಕಿ. (3) ಸೂಜಿ ಬದಲಿಸಿ, ಅದರ ತಗ್ಗು ಕೊಕ್ಕೆಯ ಕಡೆಗಿದೆಯೇ ನೋಡಿ. (4) ಬಟ್ಟೆ ಚೌಕಟ್ಟಿನಲ್ಲಿ ಅತಿಬಿಗಿಯಾಗಿದೆಯೇ ನೋಡಿ. (5) ದಾರ ಬದಲಿಸಿ. (6) ಇದಾವುದಕ್ಕೂ ಬಗ್ಗದಿದ್ದರೆ ಮಾತ್ರ ಬಿಗಿಯ ತಿರುಪನ್ನು ಮುಟ್ಟಿ. ಪ್ರತಿ ಹೆಜ್ಜೆಯ ನಂತರ ಒಂದು ಗೇಣು ಹೊಲಿದು ನೋಡತಕ್ಕದ್ದು. ತಿರುಪು ಮುಟ್ಟುವವರು ಆ ದಿನಕ್ಕೆ ಒಬ್ಬರೇ ಇರಲಿ.

ಕೈಗೆ ಅಭ್ಯಾಸ

ಜೋಳವನ್ನು ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಅಂತರದಲ್ಲಿ ಬಿತ್ತಲು ಹೇಳುತ್ತೇವೆ. ಇಲ್ಲಿಯೂ ಸಾಲಿನ ಅಂತರವಿದೆ, ಸಾಲಿನೊಳಗೆ ಹೊಲಿಗೆಯ ಅಂತರವಿದೆ. ಅಂಗುಲಕ್ಕೆ 10 ಹೊಲಿಗೆ, ಅಂದರೆ ಒಂದೊಂದೂ ಸುಮಾರು 2.5 ಮಿ.ಮೀ., ಕೌದಿಗೆ ಸೂಕ್ತ. ಸೂಜಿ ನಿಮಿಷಕ್ಕೆ 1500 ಸಲ ಇಳಿಯುತ್ತಿದ್ದರೆ, ಅಂಗುಲಕ್ಕೆ 10ರಂತೆ ನಿಮಿಷಕ್ಕೆ 150 ಅಂಗುಲ, ಎಂದರೆ ಹನ್ನೆರಡೂವರೆ ಅಡಿ ನೀವು ಯಂತ್ರವನ್ನು ನಡೆಸಬೇಕು. ನಿಧಾನಿಸಿದರೆ ಹೊಲಿಗೆ ಒತ್ತಾಗುತ್ತದೆ, ಓಡಿದರೆ ವಿರಳವಾಗುತ್ತದೆ.

ಈಗಿನ ಅನೇಕ ಯಂತ್ರಗಳಲ್ಲಿ ಹೊಲಿಗೆ ನಿಯಂತ್ರಕ ಎಂಬ ಸಾಧನವಿದೆ. ಅದು ಗಾಲಿಯ ಓಟವನ್ನು ಗುರುತಿಸಿ ಸೂಜಿಯ ವೇಗವನ್ನು ತಾನೇ ಹೊಂದಿಸುತ್ತದೆ. ಕಲಿಯುವವರಿಗೆ ಇದು ದೊಡ್ಡ ಆಸರೆ. ಆದರೂ ಅದು ಹೊಲಿಗೆಯ ಉದ್ದವನ್ನು ಸರಿಪಡಿಸೀತೇ ಹೊರತು ನಿಮ್ಮ ಗೆರೆಯನ್ನು ಸರಿಪಡಿಸಲಾರದು.

ಮೊದಲ ವಾರ ದಾರವಿಲ್ಲದೆ, ಯಂತ್ರವನ್ನು ಚಾಲೂ ಮಾಡದೆ, ಬರೀ ನಡೆಸಿ ನೋಡಿರಿ. ಹಿಡಿಕೆಯನ್ನು ನೊಗದಂತೆ ಬಿಗಿಹಿಡಿಯಬಾರದು, ಹಗುರವಾಗಿ ಹಿಡಿಯಬೇಕು. ಭುಜ ಸಡಿಲವಿರಲಿ, ಕಾಲಿನಿಂದ ಹೆಜ್ಜೆ ಸರಿಸುತ್ತ ದೇಹವೇ ಯಂತ್ರದೊಡನೆ ಸಾಗಲಿ. ಎರಡನೆಯ ವಾರ ಹಳೆಯ ಚಾದರದ ಮೇಲೆ ನೇರ ಗೆರೆ, ಅಲೆ, ಸೊನ್ನೆ ಹಾಕಿರಿ. ನಿಮ್ಮ ಹೆಸರನ್ನೂ ಮಕ್ಕಳ ಹೆಸರನ್ನೂ ಬರೆಯಿರಿ. ಅಕ್ಷರ ಬರೆಯುವ ಕೈ ಹೊಲಿಗೆಗೂ ಬೇಗ ಒಗ್ಗುತ್ತದೆ. ಮೂರನೆಯ ವಾರದಿಂದ ಕೋಡುಬಳ್ಳಿಯಂತೆ ತಿರುತಿರುಗಿ ಸಾಗುವ, ತನ್ನನ್ನು ತಾನು ದಾಟದ ಗೆರೆಯನ್ನು ಅಭ್ಯಾಸ ಮಾಡಿರಿ. ಅಚ್ಚಿನ ಹಾಳೆಯನ್ನು ಹಿಂಬದಿಗೆ ಹಾಸಿ ಬೆಳಕಿನ ಚುಕ್ಕೆಯಿಂದ ಅನುಸರಿಸುವ ವಿಧಾನವನ್ನೂ, ಅಳತೆಪಟ್ಟಿಯ ಕೆಲಸವನ್ನೂ ಎರಡನೆಯ ತಿಂಗಳಿಗೆ ಇಟ್ಟುಕೊಳ್ಳಿರಿ.

ಪ್ರತಿ ಸಲ ಹೊಲಿಗೆ ಆರಂಭಿಸುವಾಗ ಸೂಜಿಯನ್ನು ಒಮ್ಮೆ ಇಳಿಸಿ ಎತ್ತಿ ಕೆಳಗಿನ ದಾರವನ್ನು ಮೇಲಕ್ಕೆ ತಂದುಕೊಂಡು, ಎರಡನ್ನೂ ಹಿಡಿದು, ಮೂರು ನಾಲ್ಕು ಸಣ್ಣ ಹೊಲಿಗೆ ಹಾಕಿ ಭದ್ರಪಡಿಸಬೇಕು. ಇಲ್ಲದಿದ್ದರೆ ಕೆಳಗೆ ದಾರದ ಗೂಡು ಕಟ್ಟುತ್ತದೆ.

ವಿದ್ಯುತ್ತು, ಎಣ್ಣೆ, ಧೂಳು

ನಮ್ಮ ಹಳ್ಳಿಗಳ ವಿದ್ಯುತ್ತಿನ ಏರಿಳಿತ ಈ ಯಂತ್ರದ ಮಿದುಳಿಗೆ ಒಳ್ಳೆಯದಲ್ಲ. ಸ್ಟೆಬಿಲೈಜರು ಮತ್ತು ಸರಿಯಾದ ಅರ್ಥಿಂಗು ಅವಶ್ಯಕ. ಗುಡುಗು ಸಿಡಿಲಿನ ಸಮಯದಲ್ಲಿ ಪ್ಲಗ್ಗನ್ನು ಕಿತ್ತಿಡಬೇಕು. ಹೊಲಿಯುತ್ತಿರುವಾಗಲೇ ವಿದ್ಯುತ್ತು ಹೋದರೆ ಸೂಜಿ ಬಟ್ಟೆಯೊಳಗೆ ಇಳಿದಿರುವ ಸಂಭವ ಹೆಚ್ಚು. ಆಗ ಯಂತ್ರವನ್ನು ಸರಿಸಬಾರದು. ಮೊದಲು ಸ್ವಿಚ್ಚು ಆರಿಸಿ, ಕೈಚಕ್ರವನ್ನು ತಿರುಗಿಸಿ ಸೂಜಿಯನ್ನು ಮೇಲೆತ್ತಿ. ಇದನ್ನು ಮರೆತವರು ಸೂಜಿ ಮುರಿದು ಬಟ್ಟೆಯನ್ನೂ ಹರಿದುಕೊಳ್ಳುತ್ತಾರೆ.

ಎಣ್ಣೆಯ ವಿಷಯದಲ್ಲಿ ಯಂತ್ರದ ಜೊತೆಗೆ ಬಂದ ಪುಸ್ತಕವೇ ಪ್ರಮಾಣ. ಸಾಮಾನ್ಯವಾಗಿ ಬಾಬಿನ್ ಬದಲಿಸುವಾಗ ಗೂಡನ್ನು ಸ್ವಚ್ಛಗೊಳಿಸಿ, ಕೊಕ್ಕೆಗೆ ಆಗಾಗ್ಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಸಾಕು. ಕೊಬ್ಬರಿ ಎಣ್ಣೆ, ಪಂಪ್‌ಸೆಟ್ಟಿನ ಎಣ್ಣೆಗಳನ್ನು ಎಂದಿಗೂ ಬಳಸಕೂಡದು. ಎಣ್ಣೆ ಬಿಟ್ಟ ಮೇಲೆ ಮೊದಲ ಹೊಲಿಗೆಯನ್ನು ಚಿಂದಿಯ ಮೇಲೆ ಹಾಕಿರಿ. ರಾತ್ರಿ ಯಂತ್ರಕ್ಕೆ ಬಟ್ಟೆ ಹೊದಿಸಿರಿ. ಸುಗ್ಗಿಯ ದಿನಗಳಲ್ಲಿ ರಾಶಿಯ ಹೊಟ್ಟು ಹಾರಿಬರುವ ಕಡೆಯ ಕಿಟಕಿಗಳನ್ನು ಮುಚ್ಚಿರಿ.

ಯಾವುದು ಯಂತ್ರಕ್ಕೆ, ಯಾವುದು ಕೈಗೆ

ಯಂತ್ರ ಬಂದ ಮಾತ್ರಕ್ಕೆ ಕೈಹೊಲಿಗೆ ಮುಗಿಯಿತೆಂದು ತಿಳಿಯಬಾರದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕವಂದಿಯನ್ನು ನೋಡಿದವರಿಗೆ ಇದು ಗೊತ್ತು. ಅವರು ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಸುತ್ತ ಹೊಲಿಯುತ್ತ ತುಂಡುಗಳನ್ನು ಸೇರಿಸುತ್ತ ನಡುವಿಗೆ ಬರುತ್ತಾರೆ. ಉದ್ದತೋಳಿನ ಚೌಕಟ್ಟಿನಲ್ಲಿ ಮೇಲಂಚಿನಿಂದ ಕೆಳಂಚಿಗೆ ಸುತ್ತುತ್ತ ಸಾಗುವುದೊಂದೇ ದಾರಿ. ಆ ಕವಂದಿಯನ್ನು ಈ ಯಂತ್ರದಿಂದ ಮಾಡಲು ಬರುವುದಿಲ್ಲ, ಮಾಡಲು ಹೋಗಲೂಬಾರದು. ಹಾಗೆಯೇ ನಮ್ಮ ಅವ್ವಂದಿರ ಕೈಹೊಲಿಗೆಯ ಕೌದಿಗೆ ಬರುವ ಮೃದುತನ ಯಂತ್ರದ ಒತ್ತು ಹೊಲಿಗೆಗೆ ಬರುವುದಿಲ್ಲ.

ಹೊಸ ಬಟ್ಟೆಯ ಕೌದಿ, ಒಂದೇ ಅಳತೆಯ ಹತ್ತಾರು ಹಾಸಿಗೆಗಳ ಬೇಡಿಕೆ, ಮಕ್ಕಳ ಹೊದಿಕೆ ಇವುಗಳನ್ನು ಯಂತ್ರಕ್ಕೆ ಕೊಡಿರಿ. ಹಳೆಯ ಸೀರೆ, ನೆನಪಿನ ಬಟ್ಟೆ, ಬಾಣಂತಿಯ ಕೂಸಿನ ಕೌದಿ ಇವು ಕೈಗೇ ಇರಲಿ. ಕೈಕೆಲಸಕ್ಕೆ ಬೆಲೆಯೂ ಬೇರೆ ಇರಬೇಕು. ಯಂತ್ರದಿಂದ ಹೊಲಿದದ್ದನ್ನು ಕೈಹೊಲಿಗೆಯೆಂದು ಮಾರಬಾರದು. ಅದರಿಂದ ಒಂದು ಸಲ ಲಾಭವಾದರೂ ಮುಂದೆ ಸಂಘದ ಹೆಸರೇ ಹೋಗುತ್ತದೆ.

ದಾಖಲೆ ಮತ್ತು ಸಾಲ

ಯಂತ್ರದ ಪಕ್ಕದಲ್ಲಿ ಒಂದು ನೋಟುಪುಸ್ತಕ ಕಟ್ಟಿಡಿರಿ. ದಿನಾಂಕ, ಬಟ್ಟೆ, ಸೂಜಿಯ ನಂಬರು, ದಾರ, ಅಂಗುಲಕ್ಕೆ ಎಷ್ಟು ಹೊಲಿಗೆ, ತಿರುಪು ಎಲ್ಲಿತ್ತು, ಎಷ್ಟು ತಾಸು ಹಿಡಿಯಿತು, ದಾರ ಎಷ್ಟು ಸಲ ಹರಿಯಿತು, ಏನು ಮಾಡಿದ ಮೇಲೆ ಸರಿಯಾಯಿತು, ಇಷ್ಟನ್ನು ಬರೆಯಬೇಕು. ಪರೀಕ್ಷೆ ಮಾಡಿದ ಚಿಂದಿಯ ಒಂದು ತುಂಡನ್ನು ಅದೇ ಹಾಳೆಗೆ ಚುಚ್ಚಿಡಿರಿ. ಎರಡು ತಿಂಗಳಲ್ಲಿ ಈ ಪುಸ್ತಕ ಜೊತೆಗೆ ಬಂದ ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಏಕೆಂದರೆ ಅದು ನಿಮ್ಮ ಊರಿನ ವಿದ್ಯುತ್ತಿನಲ್ಲಿ, ನಿಮ್ಮ ಸಂತೆಯ ಬಟ್ಟೆಯ ಮೇಲೆ ಬರೆದದ್ದು. ಕೂಲಿಯ ಲೆಕ್ಕವನ್ನೂ ಇದರಿಂದಲೇ ಹಾಕಬಹುದು. ತಾಸು, ದಾರ, ಸೂಜಿ, ವಿದ್ಯುತ್ತು, ಸಾಲದ ಕಂತು ಕೂಡಿಸದೆ ಹೇಳಿದ ಬೆಲೆ ಕೊನೆಗೆ ನಿಮ್ಮ ದುಡಿಮೆಯನ್ನೇ ತಿನ್ನುತ್ತದೆ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಮಾತು. ಸಂಘಕ್ಕೆ ಸಾಲ ಕೊಡಿಸುವಾಗ ಕಂತು ಆರಂಭವಾಗುವ ಮೊದಲು ಕನಿಷ್ಠ ಎರಡು ತಿಂಗಳ ಬಿಡುವನ್ನು ಕೇಳಿ ಪಡೆಯಿರಿ. ಯಂತ್ರ ಬಂದ ಮರುತಿಂಗಳೇ ಕಂತು ಕಟ್ಟಬೇಕಾದವರು ಚಿಂದಿಯ ಮೇಲೆ ಕಲಿಯುವ ಧೈರ್ಯ ಮಾಡುವುದಿಲ್ಲ. ಗಿರಾಕಿಯ ಬಟ್ಟೆಯ ಮೇಲೆಯೇ ಕಲಿಯುತ್ತಾರೆ. ಆ ಇಳಕಲ್ ಸೀರೆ ಸೀಳಲು ನನ್ನ ಕೈ ಎಷ್ಟು ಕಾರಣವೋ ಆ ಅವಸರವೂ ಅಷ್ಟೇ ಕಾರಣ. ಅಭ್ಯಾಸದ ಬಟ್ಟೆ, ದಾರ, ಸೂಜಿಗಳ ಖರ್ಚನ್ನೂ ಯೋಜನೆಯಲ್ಲಿ ಮೊದಲೇ ಸೇರಿಸಿರಿ. ಬಿತ್ತನೆಯ ಖರ್ಚಿಲ್ಲದೆ ಬೆಳೆಸಾಲ ಮಂಜೂರು ಮಾಡಿದರೆ ಏನು ಪ್ರಯೋಜನ?

ಈಗ ಆ ಸಂಘದಲ್ಲಿ ಬಟ್ಟೆಯ ಬಿಗಿಯನ್ನು ನೋಡುವ ಕೆಲಸ ಆ ಹಿರಿಯ ತಾಯಿಯದೇ. ಯಾರೇ ಕೌದಿ ಏರಿಸಲಿ, ಅವರು ಬಂದು ಕೆಳಗಿನಿಂದ ಬೆರಳು ಒತ್ತಿ, ಮೇಲಿನಿಂದ ಹಿಡಿದು ನೋಡಿ, "ಹೂಂ" ಎಂದ ಮೇಲೆಯೇ ಯಂತ್ರ ಚಾಲೂ ಆಗುತ್ತದೆ. ನಾನು ಹೋದ ದಿನ ಮಾತ್ರ ಎರಡು ಸಲ ನೋಡುತ್ತಾರೆ.

ನಿಮ್ಮ ನಿಮ್ಮ ಸಂಘಗಳಲ್ಲಿಯೂ ಇಂಥ ಅನುಭವವುಳ್ಳ ಕೈಗಳಿವೆ. ಅವರನ್ನು ಮುಂದಿಟ್ಟುಕೊಂಡು, ಚಿಂದಿಯ ಮೇಲೆ ಆರಂಭಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ, ಬರೆದಿಡುತ್ತ ಕಲಿಯಿರಿ. ಮಧ್ಯಾಹ್ನ ಊಟದ ನಂತರ ಹಳೆಯ ಚಾದರವೊಂದನ್ನು ಚೌಕಟ್ಟಿಗೆ ಏರಿಸೋಣ. ಪ್ರತಿಯೊಬ್ಬರೂ ತಮ್ಮ ಹೆಸರನ್ನು ಹೊಲಿದೇ ಮನೆಗೆ ಹೋಗಬೇಕು.